ಮಹಾಪ್ರಾಣ

ಹದಿನಾರು ವರ್ಷ ನನ್ನ ತುಟಿಗಳ ಕೆಲಸ
ಗುಂಡುಸೂಜಿ ಹಿಡಿದುಕೊಳ್ಳುವುದು.
ಮುಲುಂಡ್ ಸ್ಟೇಶನ್ನಿಗೆ ತಾಗಿ, ಬಾಳೆಹಣ್ಣಿನ ಗಾಡಿಯ ಹಿಂದೆ
ಚೇಡ ಸೇಟರ ಬ್ಲೌಸಿನಂಗಡಿ
(ಆಗ ನಾನು ಹಾಗೇ ಅನ್ನುತ್ತಿದ್ದೆ).
ಅಳತೆಗೆ ನಿಂತವರು ನಾದಿನಿಯನ್ನು ಬೈಯುತ್ತಾರೆ,
ಕಂಕುಳು ಬಿಗಿ ಅನ್ನುತ್ತಾರೆ,
ನಾನು ಮೂಗಿನಲ್ಲೇ ಹೂಂ.
ಬಾಯಿ ತೆರೆದರೆ ಸೂಜಿ ಉದುರುತ್ತದೆ.

ಸಂಘದವರು ಕರೆದದ್ದೂ ಬಾಯಿಗಲ್ಲ, ಕೈಗೆ.
ಹಳೆಯ ಕಾಲದ ನಾಟಕ, ರಾಜನಿಗೊಂದು ನಿಲುವಂಗಿ ಬೇಕು,
ಜರಿ ಅವರದು, ಹೊಲಿಗೆ ನನ್ನದು.
ಭಾನುವಾರ ಸಂಜೆ ಮುನಿಸಿಪಾಲಿಟಿ ಶಾಲೆಯ ನಾಲ್ಕನೆಯ ಕ್ಲಾಸು;
ಬೋರ್ಡಿನ ಮೇಲೆ ಅಳಿಸದೆ ಬಿಟ್ಟ ಮರಾಠಿ ಮಗ್ಗಿ,
ಬೆಂಚು ಗೋಡೆಗೆ ತಳ್ಳಿದರೆ ಅರಮನೆ.
ದಾಸಿಯಾಗಬೇಕಿದ್ದ ಹುಡುಗಿಗೆ ಆಸ್ಪತ್ರೆಯಲ್ಲಿ ರಾತ್ರಿಪಾಳಿ ಬಂತು.
ಕರ್ಕೇರ ಮಾಸ್ತರು ನನ್ನ ಕಡೆ ತಿರುಗಿದರು.
ಕೊರಳಲ್ಲಿ ಟೇಪು, ತುಟಿಯಲ್ಲಿ ಆರು ಸೂಜಿ.
“ಜಲಜಕ್ಕ, ಮೂರೇ ಮಾತು.”

ದೇವಿ, ದೀಪ ತರಲೇ? ಬಂತು.
ಹೊರಗೆ ಜನ ಸೇರುತ್ತಿದ್ದಾರೆ. ಬಂತು.
ಮೂರನೆಯದು ಸಿಂಹಾಸನದ ಎದುರು ನಿಂತು:
ಭಯವಿಲ್ಲ ದೊರೆ, ಇದು ಧರ್ಮವಲ್ಲ.

ಬಯವಿಲ್ಲ, ಅಂದೆ. ದರ್ಮವಲ್ಲ, ಅಂದೆ.
ರಾಜ ನಕ್ಕ. ಹಗಲಲ್ಲಿ ಅವನು ವಿಮೆ ಏಜೆಂಟು,
ನಗುವುದು ರೂಢಿ.
ಮಾಸ್ತರು ನಗಲಿಲ್ಲ. “ನನ್ನದೂ ಕಡಲತಡಿಯ ಬಾಯಿಯೇ.
ನಮ್ಮ ಮನೆಯ ತುಳುವಿನಲ್ಲಿ ಈ ಉಸಿರನ್ನು ಯಾರೂ ಖರ್ಚು ಮಾಡುವುದಿಲ್ಲ.”
ನನ್ನ ಅಂಗೈಯನ್ನು ನನ್ನ ಬಾಯೆದುರೇ ಹಿಡಿಸಿದರು.
“ಬ ಅನ್ನು, ಏನೂ ತಾಗಬಾರದು.
ಭ ಅನ್ನು, ಗಾಳಿ ಬಂದು ಬಡಿಯಬೇಕು.
ಸುಮ್ಮನೆ ಇಟ್ಟ ಹೆಸರಲ್ಲ ಅದು, ಮಹಾಪ್ರಾಣ.”

ತಿಂಗಳಿಡೀ ಅಂಗೈ ಮುಂದಿಟ್ಟುಕೊಂಡು ತಿರುಗಿದೆ.
ಠಾಕುರ್ಲಿಯಿಂದ ಹೆಂಗಸರ ಡಬ್ಬಿಯಲ್ಲಿ ಖ, ಘ, ಛ;
ಬಾಯಿ ವಾಸನೆಯ ಪರೀಕ್ಷೆ ಅಂದುಕೊಂಡು
ಪಕ್ಕದವಳು ಏಲಕ್ಕಿ ಕೊಟ್ಟಳು.
ಕುಕ್ಕರಿನ ಎದುರು ನಿಂತು ಭ ಅಂದೆ,
ಅದು ನನಗಿಂತ ಚೆನ್ನಾಗಿ ಅಂದಿತು.
ಭಯ ಅನ್ನುವುದಕ್ಕೆ ಎಷ್ಟೊಂದು ಉಸಿರು ಬೇಕು!
ಉಸಿರಿಲ್ಲದ ಬಯ ಒಳಗೇ ಮೂಲೆ ಹಿಡಿದಿರುತ್ತದೆ.
ತುಂಬಿ ಅಂದರೆ ಹೊರಗೆ ಬರುತ್ತದೆ,
ಕೈಗೆ ತಾಗುತ್ತದೆ, ಬೆಚ್ಚಗೆ,
ಬೆಕ್ಕಿನ ಮರಿಯ ಹಾಗೆ.

ಶಾಲೆಯ ಬೆನ್ನಿಗೇ ಹಳಿ. ಫಾಸ್ಟ್ ಲೋಕಲ್ ಬಂದರೆ
ರಾಜನ ಗರ್ಜನೆಯೂ ಕೇಳಿಸದು.
“ಕಿರುಚಬೇಡ, ಓಡಬೇಡ,” ಅನ್ನುತ್ತಿದ್ದರು ಮಾಸ್ತರು,
“ಮಾತನ್ನು ಮುಖದಲ್ಲಿ ಹಿಡಿದು ನಿಲ್ಲು.
ರೈಲು ಹೋಗಲಿ.”

ಪ್ರದರ್ಶನದ ರಾತ್ರಿ ಎರಡನೆಯ ಮಾತು ಮರೆತೆ.
ಮೊದಲನೆಯದನ್ನೇ ಇನ್ನೊಮ್ಮೆ ಅಂದೆ.
ದೀಪ ಆಗಲೇ ತಂದೆಯಲ್ಲೇ, ಅಂದಳು ರಾಣಿ,
ನಾಟಕದಲ್ಲಿಲ್ಲದ ಮಾತು. ಜನ ನಕ್ಕರು.
ಹೊಡೆಯಲು ರಾಜ ಕೈಯೆತ್ತಿದಾಗ
ಕಂಕುಳಲ್ಲಿ ಹೊಲಿಗೆ ಬಿಚ್ಚಿತು, ನನ್ನದೇ ಹೊಲಿಗೆ.
ಬಿಳಿ ಬನಿಯನ್ನು ನೋಡುತ್ತಾ ಅಂದೆ
ಮೂರನೆಯದನ್ನು.
ಚಪ್ಪಾಳೆ ಬೀಳಲಿಲ್ಲ.
ಯಾರೋ ಕೆಮ್ಮುತ್ತಿದ್ದವರು ನಿಲ್ಲಿಸಿದರು, ಅಷ್ಟೆ.

ಮಂಗಳವಾರ ಅಂಗಡಿ. ಲೆಕ್ಕದ ಪುಸ್ತಕದಲ್ಲಿ ಮುಳುಗಿದ ಬೋಳುತಲೆ.
ಬ್ಲೌಸಿಗೆ ನಲವತ್ತು, ಏಳು ವರ್ಷದಿಂದ ನಲವತ್ತೇ;
ಅಸ್ತರಿನದಕ್ಕೂ ಅದೇ.
ಸೂಜಿಗಳನ್ನು ಒಂದೊಂದಾಗಿ ತುಟಿಯಿಂದ ತೆಗೆದು
ಮೆತ್ತೆಗೆ ಚುಚ್ಚಿದೆ. ಆರೂ.

ಛೇಡಾ ಸೇಠ್.

ಎರಡು ಉಸಿರು. ಬಿಲ್ಲಿನ ಹಾಳೆ ಅಲುಗಿತು,
ಫ್ಯಾನಿನ ಗಾಳಿಗೂ ಇರಬಹುದು.
ಸೇಠ್ ತಲೆಯೆತ್ತಿದರು, ಕನ್ನಡಕ ಹಣೆಗೇರಿಸಿದರು.
ಕ್ಯಾ ಹುವಾ?

ಮುಂದಿನದನ್ನು ಯಾರೂ ಬರೆದುಕೊಟ್ಟಿರಲಿಲ್ಲ.
ಅಷ್ಟರಲ್ಲಿ ಕಲ್ಯಾಣ್ ಫಾಸ್ಟ್, ಗಾಜಿನ ಕಪಾಟೆಲ್ಲ ನಡುಗಿಸುತ್ತಾ,
ಹನ್ನೆರಡು ಡಬ್ಬಿ, ಎಣಿಸಿದೆ.
ಮಾತು ಮುಖದಲ್ಲೇ ಇತ್ತು.
ನಿಂತೇ ಇದ್ದೆ, ರೈಲು ಹೋಗಲಿ ಎಂದು.